ಸಂಜೆ ಆರೂವರೆಯ ಸಿಂಫನಿ

ಲಂಡನ್ ಸಿಂಫನಿ ಆರ್ಕೆಸ್ಟ್ರಾ ಎಂಬ ವಾದ್ಯವೃಂದದ ‘ಹಾಫ್ ಸಿಕ್ಸ್ ಫಿಕ್ಸ್’ ಸಂಗೀತ ಸರಣಿಯ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೆ. ಬಾರ್ಬಿಕನ್ ಸಭಾಂಗಣದಲ್ಲಿ ಸಂಜೆ 6.30ಕ್ಕೆ ಆರಂಭವಾಗಿ, ಮಧ್ಯಂತರವಿಲ್ಲದೆ ಸುಮಾರು ಒಂದು ಗಂಟೆಯಲ್ಲಿ ಮುಗಿಯುವ ಈ ಕಾರ್ಯಕ್ರಮಗಳು ಆಫೀಸಿನಿಂದ ನೇರವಾಗಿ ಬರುವವರಿಗೆ ಹೊಂದುವಂತಿವೆ. ಮೂರ್‌ಗೇಟ್, ಲಿವರ್‌ಪೂಲ್ ಸ್ಟ್ರೀಟ್ ಸುತ್ತಲಿನ ಆಫೀಸುಗಳಿಂದ ಬಾರ್ಬಿಕನ್‌ಗೆ ನಡೆದೇ ಹೋಗಬಹುದು. ಆದರೆ ಮಾಮೂಲಿ ಸಂಗೀತ ಕಛೇರಿ 7ಕ್ಕೋ 7.30ಕ್ಕೋ ಶುರುವಾಗಿ, ಮಧ್ಯಂತರವೂ ಸೇರಿ ಎರಡು ಗಂಟೆ ಹಿಡಿಯುವುದರಿಂದ, ದೂರದ ಬಡಾವಣೆಗಳಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರು ಅದನ್ನು ಕೇಳಿ, ರೈಲು ಹಿಡಿದು, ಮನೆ ಸೇರಿ ಉಣ್ಣುವ ಹೊತ್ತಿಗೆ ಸರಿರಾತ್ರಿ ಸಮೀಪಿಸಿರುತ್ತದೆ.

ಕುಡಿಯುವುದನ್ನು ಕೈಯಲ್ಲೇ ಹಿಡಿದು ಒಳಗೆ ಹೋಗಬಹುದು, ದೊಡ್ಡ ಪರದೆಗಳ ಮೇಲೆ ವಾದಕರನ್ನು ಹತ್ತಿರದಿಂದ ನೋಡಬಹುದು. ಇವೆಲ್ಲ ಇರಲಿ, ಬೇಡವೆನ್ನುವುದಿಲ್ಲ. ಆದರೆ ಪರದೆಯಿದ್ದಲ್ಲಿ ಕಣ್ಣು ಕ್ಯಾಮೆರಾ ತೋರಿಸಿದ್ದನ್ನೇ ನೋಡುತ್ತದೆ, ಕಿವಿಯೂ ಕಣ್ಣಿನ ಹಿಂದೆಯೇ ಹೋಗುತ್ತದೆ ಎಂಬುದು ನನ್ನ ತಕರಾರು.

ನನ್ನನ್ನು ನಿಜವಾಗಿ ಸೆಳೆಯುವುದು ನುಡಿಸುವ ಮೊದಲು ಕಂಡಕ್ಟರ್, ಅಂದರೆ ವಾದ್ಯವೃಂದವನ್ನು ಮುನ್ನಡೆಸುವವರು, ಸಭೆಯ ಕಡೆ ತಿರುಗಿ ಕೃತಿಯನ್ನು ಪರಿಚಯಿಸುವ ಕ್ರಮ. ಪಕ್ಕದಲ್ಲೇ ಇಡೀ ವಾದ್ಯವೃಂದ ಕುಳಿತಿರುವಾಗ ವಿವರಣೆಗೆ ಬೇಕಾದ ತುಣುಕನ್ನು ಅಲ್ಲೇ ನುಡಿಸಿ ತೋರಿಸಲು ಸಾಧ್ಯ. ಸಿಂಫನಿಯೆಂದರೆ ಇಡೀ ವಾದ್ಯವೃಂದಕ್ಕೆಂದು ಹಲವು ಭಾಗಗಳಲ್ಲಿ ಬರೆದ ದೀರ್ಘ ಕೃತಿ; ಬೇಥೋವನ್‌ನ ಏಳನೆಯ ಸಿಂಫನಿಯನ್ನೇ ತೆಗೆದುಕೊಳ್ಳಿ. ಸುಮಾರು 40 ನಿಮಿಷದ ಕೃತಿಯಾದ್ದರಿಂದ ಮಾತು ಸೇರಿಯೂ ಒಂದು ಗಂಟೆಯಲ್ಲಿ ಕೂರುತ್ತದೆ. 1813ರ ಮೊದಲ ಪ್ರದರ್ಶನದಲ್ಲಿ ವಿಯೆನ್ನಾದ ಶ್ರೋತೃಗಳು ಇನ್ನೊಮ್ಮೆ ನುಡಿಸಿರೆಂದು ಕೇಳಿದ ಅದರ ಎರಡನೆಯ ಚಲನೆ (ಮೂವ್‌ಮೆಂಟ್, ಅಂದರೆ ಕೃತಿಯ ಒಂದು ಭಾಗ), ಒಂದು ದೀರ್ಘ, ಎರಡು ಹ್ರಸ್ವ, ಮತ್ತೆರಡು ದೀರ್ಘ ಎಂಬ ಸರಳ ಲಯದಿಂದ, ವಯಲಿನ್‌ಗಿಂತ ದೊಡ್ಡ ತಂತಿವಾದ್ಯಗಳಾದ ವಯೋಲಾ, ಚೆಲೋ, ಡಬಲ್ ಬಾಸ್‌ಗಳ ಮಂದ್ರ ಸ್ವರದಲ್ಲಿ ಆರಂಭವಾಗುತ್ತದೆ. ಆಮೇಲೆ ಆ ಲಯ ಎರಡನೆಯ ವಯಲಿನ್ ಗುಂಪಿಗೆ ದಾಟುತ್ತದೆ; ಅದೇ ಹೊತ್ತಿಗೆ ವಯೋಲಾ, ಚೆಲೋಗಳು ಬೇರೊಂದು ಧಾಟಿಯನ್ನು ಹಾಡತೊಡಗುತ್ತವೆ. ಒಂದೇ ರಾಗಧಾರೆಯನ್ನು ಹಿಂಬಾಲಿಸಿ ಬೆಳೆದ ನಮ್ಮ ಕಿವಿಗೆ ಈ ಎರಡು ಪದರಗಳು ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ. ಮೊದಲು ಒಂದೊಂದನ್ನೂ ಪ್ರತ್ಯೇಕವಾಗಿ ಕೇಳಿಸಿ ಆಮೇಲೆ ಕೂಡಿಸಿದರೆ ಎರಡೂ ಕೈಗೆ ಸಿಗುತ್ತವೆ.

ಕಳೆದುಕೊಳ್ಳುವುದೂ ಇದೆ. ಒಂದೂವರೆ ಗಂಟೆ ಮೀರುವ, ಸಂಯೋಜಕ ಮಾಹ್ಲರನ ಮೂರನೆಯ ಸಿಂಫನಿಗೆ ಇಲ್ಲಿ ಜಾಗವಿಲ್ಲ. ಕನ್ಚರ್ಟೊ (ಒಬ್ಬ ಮುಖ್ಯ ವಾದಕ ವಾದ್ಯವೃಂದದೊಂದಿಗೆ ನುಡಿಸುವ ಕೃತಿ) ಒಂದನ್ನು ಕೇಳಿ, ಮಧ್ಯಂತರದಲ್ಲಿ ಕಾಲಾಡಿಸಿ, ಸಿಂಫನಿಗೆ ಮರಳುವ ಸುಖವೂ ಇಲ್ಲ. ವಾದ್ಯವೃಂದದ ದೃಷ್ಟಿಯಿಂದ ಇದರಲ್ಲೊಂದು ಜಾಣ ಲೆಕ್ಕಾಚಾರವಿದೆ. ಅನೇಕ ವೇಳೆ ಪೂರ್ಣ ಪ್ರಮಾಣದ ಕಛೇರಿಗೆ ಸಿದ್ಧಪಡಿಸಿದ ಕೃತಿಯನ್ನೇ ಇಲ್ಲೂ ನುಡಿಸುವುದರಿಂದ ಒಂದೇ ತಾಲೀಮು ಎರಡು ಸಂಜೆಗಳಿಗೆ ಒದಗುತ್ತದೆ.

ಬಾರ್ಬಿಕನ್‌ಗೆ ಅಂಟಿಕೊಂಡೇ ಗಿಲ್ಡ್‌ಹಾಲ್ ಸಂಗೀತ ಶಾಲೆಯಿದೆ. ನಮ್ಮ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದಲ್ಲಿ ಲೈಸೆನ್ಷಿಯೇಟ್ ಪದವಿ ಪಡೆದದ್ದು ಈ ಸಂಸ್ಥೆಯಿಂದಲೇ, ಆಗ ಅದು ನಗರದ ಬೇರೆ ಕಟ್ಟಡದಲ್ಲಿತ್ತು. ಇದೇ ಊರಿನ ಮತ್ತೊಂದು ವಾದ್ಯವೃಂದವಾದ ಫಿಲ್‌ಹಾರ್ಮೋನಿಯಾದ ಆರಂಭದ ವರ್ಷಗಳಿಗೆ ಹಣ ಒದಗಿಸಿದವರಲ್ಲಿ ಅವರೂ ಒಬ್ಬರೆಂಬುದು ಇಲ್ಲಿನ ಕನ್ನಡಿಗರಲ್ಲೇ ಎಷ್ಟೋ ಜನಕ್ಕೆ ತಿಳಿದಿಲ್ಲ.

ಮೊದಲ ಸಲ ಹೋಗುವವರು ಮುಂದಿನ ಸಾಲುಗಳಿಗೆ ಆಸೆಪಡದೆ ಮೇಲಿನ ಬಾಲ್ಕನಿಯಲ್ಲಿ ಕುಳಿತುಕೊಳ್ಳುವುದು ಲೇಸು. ಯಾವ ಗುಂಪಿನಿಂದ ಯಾವ ಗುಂಪಿಗೆ ಧಾಟಿ ದಾಟಿತೆಂಬುದು, ಪರದೆಯ ನೆರವಿಲ್ಲದೆಯೇ, ವಾದಕರ ಕೈಯ ಕಮಾನುಗಳ ಓಡಾಟದಿಂದ ಅಲ್ಲಿಗೆ ಚೆನ್ನಾಗಿ ಕಾಣಿಸುತ್ತದೆ.