ಏಳೆಂಟು ಹೆಜ್ಜೆ

ಅಪ್ಪ ಬೆಂಗಳೂರಿನ ಎಚ್‌ಎಎಲ್‌ನಲ್ಲಿ 32 ವರ್ಷ ಫಿಟ್ಟರ್ ಆಗಿದ್ದವರು. ಕೆನಡಾದ ಮಿಸ್ಸಿಸಾಗಾದಲ್ಲಿರುವ ನಮ್ಮ ಮನೆಗೆ ಬಂದಾಗ ನಯಾಗರಾಕ್ಕೆ ಕರ್ಕೊಂಡು ಹೋದೆ. "ಚೆನ್ನಾಗಿದೆ ಕಣಮ್ಮ" ಅಂದರು, ಅಷ್ಟೇ. ಹ್ಯಾಮಿಲ್ಟನ್‌ನ ಯುದ್ಧವಿಮಾನ ಮ್ಯೂಸಿಯಂನಲ್ಲಿ ಮಾತ್ರ ಒಂದೇ ವಿಮಾನದ ಸುತ್ತ ಇಡೀ ಮಧ್ಯಾಹ್ನ ಕಳೆದರು.

ಅದು ಲ್ಯಾಂಕಾಸ್ಟರ್ ಬಾಂಬರ್. ನಾಲ್ಕು ಎಂಜಿನ್, 102 ಅಡಿ ರೆಕ್ಕೆ, ಏಳು ಜನರ ತಂಡ. ಈಗ ಹಾರಬಲ್ಲ ಲ್ಯಾಂಕಾಸ್ಟರ್ ಪ್ರಪಂಚದಲ್ಲಿ ಎರಡೇ. ಇನ್ನೊಂದು ಇಂಗ್ಲೆಂಡಿನಲ್ಲಿದೆ. ಅಪ್ಪ ಮೊದಲು ನೋಡಿದ್ದು ರಿವೆಟ್‌ಗಳನ್ನು. ಅವರಿಗೆ ಕೆಲಸ ಕಲಿಸಿದ ಹಿರಿಯರು, ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಅಮೆರಿಕದ ಲಿಬರೇಟರ್ ಬಾಂಬರ್‌ಗಳನ್ನು ಬೆಂಗಳೂರಿಗೆ ತಂದು ರಿಪೇರಿ ಮಾಡಿದವರಂತೆ. ನಮ್ಮ ವಾಯುಪಡೆ 1968ರವರೆಗೂ ಅವುಗಳನ್ನು ಹಾರಿಸಿತು. ಆ ಕಥೆ ಹೇಳುತ್ತಾ ಹೇಳುತ್ತಾ ಅಪ್ಪ ವಿಮಾನದ ಬಾಲದ ಹತ್ತಿರ ಬಂದರು. ಅಲ್ಲಿದ್ದ ಗಾಜಿನ ಗೂಡನ್ನು ನೋಡಿ ನಿಂತುಬಿಟ್ಟರು.

"ಇದರೊಳಗೆ ಮನುಷ್ಯ ಕೂರ್ತಿದ್ನಾ?"

ಕೂರುತ್ತಿದ್ದ. ಹಿಂದಿನಿಂದ ಬರುವ ಶತ್ರು ವಿಮಾನದ ಮೇಲೆ ಗುಂಡು ಹಾರಿಸುವವನು ಅವನೇ. ರಾತ್ರಿಯೆಲ್ಲ ಒಬ್ಬನೇ, ಆ ಚಳಿಯಲ್ಲಿ.

ನಾನು ಹೋಗುವ ಮೊದಲೇ ಓದಿಕೊಂಡಿದ್ದೆ. ಈ ವಿಮಾನಕ್ಕೆ ಬಳಿದಿರುವುದು ಇನ್ನೊಂದು ವಿಮಾನದ ಗುರುತು, ಕೆಬಿ 726. ಆ ವಿಮಾನ ಉಳಿಯಲಿಲ್ಲ. 1944ರ ಜೂನ್ 12ರ ರಾತ್ರಿ ಅದು ಇಂಗ್ಲೆಂಡಿನಿಂದ ಉತ್ತರ ಫ್ರಾನ್ಸ್‌ನ ಕಾಂಬ್ರೆ ಊರಿನ ರೈಲ್ವೆ ಯಾರ್ಡ್ ಮೇಲೆ ಬಾಂಬ್ ಹಾಕಲು ಹೊರಟಿತ್ತು. ಫ್ರಾನ್ಸ್‌ನ ನಾರ್ಮಂಡಿ ಕಡಲ ತೀರದಲ್ಲಿ ಮಿತ್ರರಾಷ್ಟ್ರಗಳ ಸೈನ್ಯ ಇಳಿದು ಇನ್ನೂ ವಾರ ಆಗಿರಲಿಲ್ಲ. ಬಾಲದ ಗೂಡಿನಲ್ಲಿ ಪ್ಯಾಟ್ ಬ್ರೋಫಿ. ಬೆನ್ನಿನ ಮೇಲಿನ ಗೂಡಿನಲ್ಲಿ ಅವನ ಗೆಳೆಯ ಆಂಡ್ರೂ ಮಿನಾರ್ಸ್ಕಿ. ಕೆನಡಾದ ವಿನಿಪೆಗ್‌ನ ಹುಡುಗ, ಪೋಲೆಂಡಿನಿಂದ ಬಂದು ನೆಲೆಸಿದವರ ಮಗ. ತಂದೆ ತೀರಿಕೊಂಡ ಮೇಲೆ ಹದಿಹರೆಯದಲ್ಲೇ ಚರ್ಮದ ಕೆಲಸ ಮಾಡಿ ಮನೆಗೆ ಆಸರೆಯಾಗಿದ್ದವನು. ಹೊರಡುವ ಮೊದಲು ಹುಲ್ಲಿನಲ್ಲಿ ಅವನಿಗೆ ನಾಲ್ಕೆಲೆಯ ಕ್ಲೋವರ್ ಸಿಕ್ಕಿತ್ತು. ಅದು ಸಿಕ್ಕಿದರೆ ಅದೃಷ್ಟ ಅನ್ನುತ್ತಾರೆ. ಅದನ್ನವನು ಪ್ಯಾಟ್‌ಗೆ ಕೊಟ್ಟುಬಿಟ್ಟ.

ಜರ್ಮನ್ ವಿಮಾನದ ಗುಂಡಿಗೆ ಎಡಗಡೆಯ ಎರಡೂ ಎಂಜಿನ್ ಹೋದವು. ಒಳಗೆ ಬೆಂಕಿ ಹತ್ತಿತು. ಎಲ್ಲರೂ ಹಾರಿ ಎಂದು ಪೈಲಟ್ ಹೇಳಿದ. ಬಾಲದ ಗೂಡು ತಿರುಗಿದರೆ ಮಾತ್ರ ಪ್ಯಾಟ್ ಅಲ್ಲಿಂದ ಹೊರಗೆ ಬೀಳಬಹುದಿತ್ತು. ಅದನ್ನು ತಿರುಗಿಸುವ ಹೈಡ್ರಾಲಿಕ್ ಹೋಗಿತ್ತು. ಕೈಯಿಂದ ತಿರುಗಿಸುವ ಹ್ಯಾಂಡಲ್ ಹಿಡಿದ. ಅದು ಮುರಿದು ಕೈಗೆ ಬಂತು.

ಇಷ್ಟು ಹೇಳಿದಾಗ ಅಪ್ಪ "ಥೂ" ಅಂದರು. ಅಷ್ಟು ನೋವಿನ ದನಿ ನಾನು ಅವರಿಂದ ಕೇಳಿರುವುದು ಕಡಿಮೆ.

ಮಿನಾರ್ಸ್ಕಿ ಹೊರಬೀಳುವ ಬಾಗಿಲ ಹತ್ತಿರ ಬಂದಿದ್ದ. ಹಾರಿಬಿಡಬಹುದಿತ್ತು. ಗೆಳೆಯನ ಕಡೆ ತಿರುಗಿ ನೋಡಿದ. ಉರಿಯುತ್ತಿದ್ದ ಎಣ್ಣೆಯ ನಡುವೆ ತೆವಳಿಕೊಂಡು ಹೋಗಿ ಕೊಡಲಿಯಿಂದ ಗೂಡಿನ ಬಾಗಿಲಿಗೆ ಹೊಡೆದ. ಆಗಲಿಲ್ಲ. ಬರೀ ಕೈಯಲ್ಲಿ ಕಿತ್ತ. ಮೈಮೇಲಿನ ಬಟ್ಟೆಗೆ ಬೆಂಕಿ ಹತ್ತಿಕೊಂಡಿತ್ತು. ಹೋಗು ಹೋಗು ಎಂದು ಪ್ಯಾಟ್ ಕೈ ಬೀಸಿದ. ಅಲ್ಲಿ ತಿರುಗಲೂ ಜಾಗ ಇಲ್ಲ. ಮಿನಾರ್ಸ್ಕಿ ಗೆಳೆಯನ ಮುಖ ನೋಡುತ್ತಲೇ ಹಿಂದಕ್ಕೆ ತೆವಳಿದ. ಬಾಗಿಲ ಹತ್ತಿರ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ, ಏನೋ ಹೇಳಿದ. ಪ್ಯಾಟ್‌ಗೆ ಕೇಳಿಸಲಿಲ್ಲ. ಆದರೆ ಏನು ಹೇಳಿದ ಎಂದು ಅವನಿಗೆ ಗೊತ್ತಿತ್ತು. ದಿನಾ ರಾತ್ರಿ ಮಲಗಲು ಹೋಗುವಾಗ ತಮಾಷೆಗೆ ಹೇಳುತ್ತಿದ್ದದ್ದು: "ಗುಡ್ ನೈಟ್, ಸರ್."

ನಾನು ವಿಮಾನದ ಹೊರಗೆ, ಆ ಬಾಗಿಲಿನಿಂದ ಬಾಲದವರೆಗೆ ನಡೆದು ನೋಡಿದೆ. ಏಳೆಂಟು ಹೆಜ್ಜೆ. ನಮ್ಮ ಮನೆಯ ಹಾಲ್ ಅದಕ್ಕಿಂತ ಉದ್ದ ಇದೆ. ಅಪ್ಪನೂ ನಡೆದರು, ನಿಧಾನವಾಗಿ, ಮಂಡಿ ನೋವಿನಲ್ಲೇ.

"ಆಮೇಲೆ?"

ಆಮೇಲೆ ಮಿನಾರ್ಸ್ಕಿ ಹಾರಿದ. ಪ್ಯಾರಾಶೂಟೂ ಉರಿಯುತ್ತಿತ್ತು. ಫ್ರೆಂಚ್ ಹಳ್ಳಿಯವರಿಗೆ ಸಿಕ್ಕಿದಾಗ ಜೀವ ಇತ್ತು, ಸುಟ್ಟ ಗಾಯದಿಂದ ಸ್ವಲ್ಪದರಲ್ಲೇ ಹೋಯಿತು. 27 ವರ್ಷ. ಮೆಹಾರಿಕೂರ್ ಎಂಬ ಹಳ್ಳಿಯ ಸ್ಮಶಾನದಲ್ಲಿ ಮಣ್ಣು ಮಾಡಿದರು. ಪ್ಯಾಟ್ ವಿಮಾನದ ಜೊತೆಗೇ ನೆಲಕ್ಕೆ ಬಿದ್ದ. ರೆಕ್ಕೆ ಮರಕ್ಕೆ ಬಡಿದು ವಿಮಾನ ತಿರುಗಿದ ರಭಸಕ್ಕೆ ಹೊರಗೆ ಎಸೆಯಲ್ಪಟ್ಟ. ಬದುಕಿದ! ಉಳಿದ ಐವರೂ ಬದುಕಿದರು. ಗೆಳೆಯ ಸತ್ತದ್ದು ಪ್ಯಾಟ್‌ಗೆ ತಿಳಿದಿದ್ದು ಸೆಪ್ಟೆಂಬರ್‌ನಲ್ಲಿ, ಇಂಗ್ಲೆಂಡಿಗೆ ವಾಪಸ್ ಬಂದ ಮೇಲೆ. ಅವನು ಹೇಳಿದ ಮಾತಿನಿಂದಲೇ 1946ರಲ್ಲಿ ಮಿನಾರ್ಸ್ಕಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಬಂತು.

"ನೋಡಿದವನು ಉಳಿದ, ಅದಕ್ಕೆ ಗೊತ್ತಾಯ್ತು" ಅಂದರು ಅಪ್ಪ.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಬ್ರಿಟನ್ನಿನ ಬಾಂಬರ್ ಕಮಾಂಡ್‌ನಲ್ಲಿ ಹಾರಿದ ಸುಮಾರು 1,25,000 ಜನರಲ್ಲಿ 55,573 ಜನ ಸತ್ತರು. ಅವರಲ್ಲಿ ಎಷ್ಟು ಜನ ಹೀಗೆ ಹಿಂದಕ್ಕೆ ತೆವಳಿಕೊಂಡು ಹೋಗಿರಬಹುದು? ಹೇಳಲು ಯಾರೂ ಉಳಿಯದೆ ಹೋದವರು? ಇಂಥ ವಿಮಾನಗಳ ಕೆಳಗೆ ಜರ್ಮನಿಯ ಊರುಗಳಲ್ಲಿ ಮಕ್ಕಳೂ ಸತ್ತರು. ಅವರ ಕಡೆಯ ಗಳಿಗೆಯನ್ನೂ ನೋಡಿದವರಿಲ್ಲ. ಅಲ್ಲಿ ನಿಂತಾಗ ಎರಡೂ ನೆನಪಾಗಿ ಕಣ್ಣು ತುಂಬಿ ಬಂತು.

ವಾಪಸ್ ಬರುವಾಗ ಪಿಯರ್ಸನ್ ಏರ್‌ಪೋರ್ಟ್ ಕಡೆಯಿಂದ ಬಂದೆವು. ಯುದ್ಧದ ಕಾಲದಲ್ಲಿ ಆ ಜಾಗದ ಹೆಸರು ಮಾಲ್ಟನ್. ಕೆಬಿ 726 ಇಲ್ಲಿನ ಕಾರ್ಖಾನೆಯಲ್ಲೇ ತಯಾರಾಗಿದ್ದು ಎಂದೆ. ಅಪ್ಪ ಕಾರಿನ ಗಾಜು ಇಳಿಸಿ ಆ ಕಡೆಯೇ ನೋಡುತ್ತಾ ಕೂತರು. ಮನೆ ಹತ್ತಿರ ಬಂದಾಗ ಮಾತಾಡಿದರು.

"ಆ ಹ್ಯಾಂಡಲ್ ಮುರೀಬಾರದಿತ್ತು ಕಣಮ್ಮ."