ಸಂಬಳವಿಲ್ಲದ ಕೆಲಸಕ್ಕೆ ಓಟಿಗೆ ನಿಲ್ಲೋದು ಯಾಕೆ?

ಈ ಪ್ರಶ್ನೆಯನ್ನು ಮೊದಲು ಕೇಳಿದ್ದು ಸಾಗರದ ಹತ್ತಿರ ಊರಲ್ಲಿರುವ ನನ್ನ ಅತ್ತಿಗೆ. "ಹೌದೇನೇ, ಸಂಬಳ ಇಲ್ಲ ಅಂತೀಯ. ಅಂಥಾ ಕೆಲಸಕ್ಕೆ ಚುನಾವಣೆ ಬೇರೆನಾ?" ಆಮೇಲೆ ಇಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಕನ್ನಡ ಕೂಟದವರು ಕೇಳಿದರು. ಲ್ಯಾಬಿನ ಹುಡುಗರೂ ಕೇಳಿದರು. ಯುಗಾದಿ ಊಟದ ಸಾಲಲ್ಲಿ ನಿಂತು ಹೇಳುವ ಉತ್ತರ ಯಾವಾಗಲೂ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೆ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನಾನು ನಿಂತಿರುವುದು ಸಿಗ್ಮಾ ಕ್ಸೈ ಎಂಬ ಸಂಘದಲ್ಲಿ ನಾರ್ತ್ ಸೆಂಟ್ರಲ್, ಅಂದರೆ ಅಮೆರಿಕದ ಉತ್ತರ-ಮಧ್ಯ ಭಾಗದ ವಲಯದ ನಿರ್ದೇಶಕಿ ಸ್ಥಾನಕ್ಕೆ. ವಿಜ್ಞಾನ ಸಂಶೋಧನೆ ಮಾಡುವವರನ್ನು ಗೌರವಿಸಿ ಸೇರಿಸಿಕೊಳ್ಳುವ ಸಂಘ ಇದು. ಗ್ರೀಕ್ ಅಕ್ಷರದ ಹೆಸರು ಕೇಳಿ, ಅಮೆರಿಕದ ಕಾಲೇಜುಗಳಲ್ಲಿ ಪಾರ್ಟಿ ಮಾಡುವ ಹುಡುಗರ ಸಂಘ ಅಂದುಕೊಳ್ಳುವವರೂ ಇದ್ದಾರೆ. ಅದಲ್ಲ ಇದು. 1886ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಒಬ್ಬ ಕಿರಿಯ ಮೇಷ್ಟ್ರು, ಕೆಲವು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿ ಇದನ್ನು ಕಟ್ಟಿದರು. ಆಗ ಅಮೆರಿಕದಲ್ಲಿ ದೊಡ್ಡ ಗೌರವ ಅಂದರೆ ಫೈ ಬೀಟಾ ಕಪ್ಪಾ ಅನ್ನುವ ಸಂಘದ ಸದಸ್ಯತ್ವ. ಅದು ಸಾಹಿತ್ಯ, ತತ್ವಶಾಸ್ತ್ರ ಓದಿದವರದು. ಪ್ರಯೋಗ ಮಾಡುವವರಿಗೆ, ಯಂತ್ರ ಕಟ್ಟುವವರಿಗೆ ಅಂಥದ್ದೊಂದು ಇರಲಿಲ್ಲ. ಸಿಗ್ಮಾ, ಕ್ಸೈ ಎರಡೂ ಸಂಘದ ಗ್ರೀಕ್ ಧ್ಯೇಯವಾಕ್ಯದ ಮೊದಲಕ್ಷರಗಳು. ಆ ಮಾತನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಹಂಬಲದಿಂದ ಹುಡುಕುವವರ ಜೊತೆಗಾರರು.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಸಂಘ ಶುರುವಾದ ಎರಡೇ ವರ್ಷಕ್ಕೆ, 1888ರಲ್ಲಿ, ಐವರು ಹೆಂಗಸರನ್ನು ಸದಸ್ಯರಾಗಿ ಆರಿಸಿದರು. ಅಮೆರಿಕದ ಸಂವಿಧಾನ ಹೆಂಗಸರಿಗೆ ಓಟಿನ ಹಕ್ಕು ಕೊಟ್ಟಿದ್ದು 1920ರಲ್ಲಿ. ನಾನು ಇದನ್ನು ಮೊದಲ ಸಲ ಓದಿದಾಗ ಪುಟ ಮುಚ್ಚಿ ಸುಮ್ಮನೆ ಕೂತಿದ್ದೆ.

ಇವತ್ತು ಸಂಘಕ್ಕೆ ನೂರಾರು ಶಾಖೆಗಳಿವೆ. ಕೇಂದ್ರ ಕಚೇರಿ ನಾರ್ತ್ ಕೆರೊಲಿನಾದಲ್ಲಿ. 'ಅಮೆರಿಕನ್ ಸೈಂಟಿಸ್ಟ್' ಪತ್ರಿಕೆ ಇವರದೇ. ಐನ್‌ಸ್ಟೈನ್, ಜೋಳದ ಮೇಲೆ ಕೆಲಸ ಮಾಡಿ ನೊಬೆಲ್ ಪಡೆದ ಬಾರ್ಬರಾ ಮೆಕ್‌ಕ್ಲಿಂಟಾಕ್ ಸದಸ್ಯರಾಗಿದ್ದ ಸಂಘ. ಈ ಹೆಸರುಗಳನ್ನು ಹೇಳಿದರೆ ಜನ ತಲೆದೂಗುತ್ತಾರೆ. ಆದರೆ ನಾನು ನಿಂತಿದ್ದು ಆ ಹೆಸರುಗಳಿಗಾಗಿ ಅಲ್ಲ.

ನನ್ನ ಕಥೆಯನ್ನೇ ಹೇಳುತ್ತೇನೆ. ನಾನು ಹುಟ್ಟಿದ್ದು ಅಡಿಕೆ ತೋಟದ ಮನೆಯಲ್ಲಿ. ಆಷಾಢದ ಮಳೆ ಹಿಡಿದರೆ ಕೊಳೆಯ ಭಯ. ಎಳೆ ಅಡಿಕೆಯೆಲ್ಲ ಕೊಳೆತು ಮರದ ಬುಡಕ್ಕೆ ಉದುರಿ ಬೀಳುತ್ತಿತ್ತು. ಮಳೆಗೆ ಮುಂಚೆ ಅಪ್ಪ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಮಾಡಿಸುತ್ತಿದ್ದರು. ಒಂದೊಂದು ಕೇಜಿ, ನೂರು ಲೀಟರ್ ನೀರಿಗೆ. ಮರ ಹತ್ತಿ ಗೊನೆಗೆ ಔಷಧಿ ಹೊಡೆಯುವವರ ಬಟ್ಟೆಯೆಲ್ಲ ನೀಲಿ. ಈ ಔಷಧಿಯನ್ನು ನಮ್ಮ ಕಡೆಯ ತೋಟಗಳಿಗೆ ತಂದವರು ಲೆಸ್ಲಿ ಕೋಲ್ಮನ್ ಅನ್ನುವ ಕೆನಡಾದ ವಿಜ್ಞಾನಿ ಅಂತ ನನಗೆ ಗೊತ್ತಾಗಿದ್ದು ಕೃಷಿ ಕಾಲೇಜಿಗೆ ಬಂದ ಮೇಲೆ. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೋಲ್ಮನ್, ಮಲೆನಾಡಿನ ಮಳೆಯಲ್ಲಿ ನಿಂತು ಕೊಳೆರೋಗಕ್ಕೆ ಕಾರಣ ಹುಡುಕಿದರು. ಅದು ಫೈಟಾಫ್ತೊರ ಅನ್ನುವ, ಬೂಸಿನಂಥ ಸೂಕ್ಷ್ಮ ಜೀವಿಯ ಕೆಲಸ. ಇಲಿನಾಯ್‌ನ ಸೋಯಾ ಹೊಲದಲ್ಲಿ ನೀರು ನಿಂತಾಗ ಬೇರು ಕೊಳೆಸುವುದೂ ಅದೇ ಕುಲದ ಇನ್ನೊಂದು ಜೀವಿ. ಈಗ ನನ್ನ ಲ್ಯಾಬ್ ಕೆಲಸ ಮಾಡುವುದು ಅದರ ಮೇಲೇ.

ಪಿಎಚ್‌ಡಿ ಮಾಡುವಾಗ ಇಬ್ಬರು ಪ್ರಾಧ್ಯಾಪಕರು ನನ್ನ ಹೆಸರನ್ನು ಸಂಘಕ್ಕೆ ಸೂಚಿಸಿದರು. ಅಲ್ಲಿ ನಿಯಮವೇ ಹಾಗೆ. ಹಾಲಿ ಸದಸ್ಯರಿಬ್ಬರು ಸೂಚಿಸಬೇಕು. ಇನ್ನೂ ಕಲಿಯುತ್ತಿರುವವರು ಅಸೋಸಿಯೇಟ್ ಸದಸ್ಯರು, ಸ್ವಂತ ಸಂಶೋಧನೆ ಮಾಡಿ ತೋರಿಸಿದವರು ಪೂರ್ಣ ಸದಸ್ಯರು. ನನಗೆ ಒಂದು ಪ್ರಮಾಣಪತ್ರ ಬಂತು. ಅದನ್ನು ಸ್ಕ್ಯಾನ್ ಮಾಡಿ ಅಪ್ಪನಿಗೆ ಕಳಿಸಿದೆ. ಅಪ್ಪ ಪ್ರಿಂಟ್ ತೆಗೆಸಿ, ಫ್ರೇಮ್ ಹಾಕಿಸಿ, ಜಗಲಿಯ ಗೋಡೆಗೆ ಹಾಕಿದರು.

ಆಮೇಲೆ ಏನೂ ಆಗಲಿಲ್ಲ. ಒಂದು ಸಭೆಯಿಲ್ಲ, ಒಂದು ಉಪನ್ಯಾಸವಿಲ್ಲ. ನನ್ನನ್ನು ಸೇರಿಸಿಕೊಂಡ ಶಾಖೆ ಮುಂದಿನ ಎರಡು ವರ್ಷದಲ್ಲಿ ನಿಂತೇ ಹೋಯಿತು.

ಶಾಖೆ ಹೇಗೆ ಸಾಯುತ್ತದೆ ಅಂತ ನಾನು ನೋಡಿದ್ದೇನೆ. ಜಗಳ ಆಗಿ ಅಲ್ಲ. ಹತ್ತಿಪ್ಪತ್ತು ವರ್ಷ ಕೆಲಸ ಮಾಡಿದ ಕಾರ್ಯದರ್ಶಿ ನಿವೃತ್ತರಾಗುತ್ತಾರೆ. "ಮುಂದಿನ ಸೆಮಿಸ್ಟರ್‌ನಲ್ಲಿ ಯಾರಾದರೂ ನೋಡಿಕೊಳ್ಳೋಣ" ಅನ್ನುತ್ತಾರೆ ಉಳಿದವರು. ಆ ವರ್ಷ ವಾರ್ಷಿಕ ವರದಿ ಹೋಗುವುದಿಲ್ಲ. ಚಂದಾ ನೆನಪಿಸುವವರಿಲ್ಲ, ಸದಸ್ಯತ್ವಗಳು ತಾವಾಗಿಯೇ ಮುಗಿಯುತ್ತವೆ. ಹೊಸ ಹೆಸರು ಸೂಚಿಸಬೇಕಾದರೆ ಹಾಲಿ ಸದಸ್ಯರಿಬ್ಬರು ಬೇಕು, ಅವರೇ ಸಿಗುವುದಿಲ್ಲ. ಮೂರನೇ ವರ್ಷ ಬಂದ ವಿದ್ಯಾರ್ಥಿಗಳಿಗೆ ಇಲ್ಲಿ ಇಂಥದ್ದೊಂದು ಇತ್ತು ಅನ್ನುವುದೇ ಗೊತ್ತಿರುವುದಿಲ್ಲ. ದೊಡ್ಡ ವಿಶ್ವವಿದ್ಯಾಲಯಕ್ಕೆ ಇದರಿಂದ ದೊಡ್ಡ ನಷ್ಟವಿಲ್ಲ, ಅಲ್ಲಿ ಬೇರೆ ನೂರು ದಾರಿಗಳಿವೆ. ಪಿಎಚ್‌ಡಿ ಕೋರ್ಸೇ ಇಲ್ಲದ ಸಣ್ಣ ಕಾಲೇಜುಗಳಿಗೆ ಪೆಟ್ಟು ಬೀಳುವುದು. ಅಲ್ಲಿ ಒಬ್ಬ ಹುಡುಗಿ ಮಾಡಿದ ಪ್ರಯೋಗವನ್ನು ಅವಳ ಮೇಷ್ಟ್ರನ್ನು ಬಿಟ್ಟು ಬೇರೆ ವಿಜ್ಞಾನಿ ನೋಡುವ ಒಂದೇ ಸಂದರ್ಭ ವಿದ್ಯಾರ್ಥಿಗಳು ತಮ್ಮ ಸಂಶೋಧನೆಯನ್ನು ಪೋಸ್ಟರ್ ಮಾಡಿ ತೋರಿಸುವ ಆ ಶಾಖೆಯ ವಸಂತದ ಸಂಜೆ ಆಗಿರಬಹುದು.

ಅಂಥ ಒಂದು ಸಂಜೆಗೆ ನಾನು ತೀರ್ಪುಗಾರಳಾಗಿ ಹೋಗಿದ್ದೆ. ಊರ ಹಳ್ಳದಲ್ಲಿ ಸಿಹಿನೀರಿನ ಕಪ್ಪೆಚಿಪ್ಪು ಎಣಿಸಿದ್ದ ಹುಡುಗಿ ಪೋಸ್ಟರ್ ಮುಂದೆ ನಿಂತಿದ್ದಳು. ಸತ್ತವನ್ನೂ ಬದುಕಿದ್ದವನ್ನೂ ಬೇರೆಬೇರೆ ಎಣಿಸಿದ್ದಳು. ಒಂದು ತಿರುವಿನಲ್ಲಿ ಸತ್ತವೇ ಜಾಸ್ತಿ ಇದ್ದವು. "ಯಾಕಿರಬಹುದು?" ಅಂತ ಕೇಳಿದೆ. ಉತ್ತರ ಸಿದ್ಧವಿರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಆ ತಿರುವಿನ ಮೇಲ್ಗಡೆ ಹೊಲದ ನೀರು ಬಂದು ಸೇರುತ್ತದೆ, ಅಲ್ಲಿ ನೀರು ಪರೀಕ್ಷೆ ಮಾಡಿಲ್ಲ, ಮಾಡಬೇಕಿತ್ತು" ಅಂದಳು. ಅವಳ ಮುಖ ನೋಡಬೇಕಿತ್ತು ನೀವು. ಪರೀಕ್ಷೆಗೆ ಎಷ್ಟು ಬೇಕು ಅಂತ ಅಲ್ಲೇ ಲೆಕ್ಕ ಹಾಕಿದೆವು. ಸಾವಿರ ಡಾಲರ್ ಒಳಗೇ ಆಗುತ್ತಿತ್ತು. ವಿದ್ಯಾರ್ಥಿಗಳಿಗೆ ಇಂಥ ಸಣ್ಣ ಮೊತ್ತಗಳನ್ನು ಸಿಗ್ಮಾ ಕ್ಸೈ 1922ರಿಂದ ಕೊಡುತ್ತಾ ಬಂದಿದೆ. ಇಂಥದ್ದೊಂದು ಇದೆ ಅಂತ ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲೇ ತೀರ್ಮಾನ ಮಾಡಿದೆ.

ಈಗ ಕೆಲಸ ಏನು ಅಂತ ಹೇಳುತ್ತೇನೆ. ಸಂಘ ತನ್ನ ಶಾಖೆಗಳನ್ನು ಆರು ವಲಯಗಳಾಗಿ ವಿಂಗಡಿಸಿದೆ. ಕಾಲೇಜು, ಕಾರ್ಖಾನೆ, ಸರ್ಕಾರಿ ಪ್ರಯೋಗಾಲಯ ಹೀಗೆ ಸಂಸ್ಥೆಯ ಬಗೆ ನೋಡಿ ಮಾಡಿದ ಗುಂಪುಗಳು ಬೇರೆ. ವಲಯ ನಿರ್ದೇಶಕರ ಅವಧಿ 3 ವರ್ಷ. ಆಡಳಿತ ಮಂಡಳಿಯಲ್ಲಿ ಕೂರಬೇಕು, ವಲಯದ ಶಾಖೆಗಳ ಮಾತನ್ನು ಅಲ್ಲಿ ಹೇಳಬೇಕು. ಕಾಗದದ ಮೇಲೆ ಅಷ್ಟೇ. ನಿಜವಾದ ಕೆಲಸ ಫೋನ್ ಮಾಡುವುದು. ನಿಮ್ಮ ಕಾರ್ಯದರ್ಶಿ ಯಾರು? ವರದಿ ಕಳಿಸಿದ್ದೀರಾ? ಪಕ್ಕದ ಊರಿನ ಶಾಖೆಯವರ ಜೊತೆ ಸೇರಿ ಒಂದು ಉಪನ್ಯಾಸ ಇಡಬಹುದಾ? ಈ ಕೇಳುವ ಕೆಲಸ ಕೇಂದ್ರ ಕಚೇರಿಯ ಇಮೇಲ್‌ನಿಂದ ಆಗುವುದಿಲ್ಲ. ಹತ್ತಿರದವರು ಯಾರೋ ಕೇಳಬೇಕು.

"ಹಾಗಾದರೆ ಸುಮ್ನೆ ಫೋನ್ ಮಾಡು, ಚುನಾವಣೆ ಯಾಕೆ?" ಅಂತ ಲ್ಯಾಬಿನ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಸಣ್ಣ ಶಾಖೆಗಳಿಗೆ ಏನು ಬೇಕು, ಚಂದಾ ಕಟ್ಟಲಾಗದ ವಿದ್ಯಾರ್ಥಿಗಳಿಗೆ ಏನು ಮಾಡೋಣ ಅನ್ನುವುದು ತೀರ್ಮಾನ ಆಗುವುದು ಆಡಳಿತ ಮಂಡಳಿಯಲ್ಲಿ. ಅಲ್ಲಿ ಒಂದು ಕುರ್ಚಿ ಇದ್ದರೆ ಮಾತಿಗೆ ತೂಕ. 2025ರಲ್ಲಿ ಇಲ್ಲಿನ ಕೇಂದ್ರ ಸರ್ಕಾರ ಸಾವಿರಾರು ಸಂಶೋಧನಾ ಅನುದಾನಗಳನ್ನು ನಡುವೆಯೇ ನಿಲ್ಲಿಸಿತು. ಕೆಲಸ ಅರ್ಧಕ್ಕೆ ನಿಂತ ಹುಡುಗರು ನನ್ನ ಕೋಣೆಗೆ ಬಂದು ಕೂರುತ್ತಿದ್ದರು. ಸಂಘದ ಸಣ್ಣ ಹಣ ಆ ನಷ್ಟ ತುಂಬಲಾರದು. ಆದರೆ ಅಂಥ ಸಮಯದಲ್ಲಿ ಪಕ್ಕದಲ್ಲಿ ನಿಲ್ಲಲು ಜನ ಬೇಕು, ಅಲ್ವಾ? ಶಾಖೆ ಇದ್ದ ಕಡೆ ಆ ಜನ ಇದ್ದರು.

ಪ್ರಚಾರ ಅಂತ ಏನೂ ಇಲ್ಲ. ಒಂದು ಸಣ್ಣ ಹೇಳಿಕೆ ಬರೆದು ಕೊಡಬೇಕು, ಸದಸ್ಯರು ಆನ್‌ಲೈನ್‌ನಲ್ಲಿ ಓಟು ಹಾಕುತ್ತಾರೆ. ನನ್ನ ಹೇಳಿಕೆಯಲ್ಲಿ ಬಹುಮಾನಗಳ ಪಟ್ಟಿ ತೆಗೆದುಹಾಕಿ ಆ ಕಪ್ಪೆಚಿಪ್ಪಿನ ಹುಡುಗಿಯ ಪ್ರಶ್ನೆ ಬರೆದೆ.

ಹೋದ ಸಲ ಸೋತೆ. ಬೇಜಾರಾಯಿತು, ಇಲ್ಲ ಅನ್ನುವುದಿಲ್ಲ. ಗೆದ್ದವರು ಒಳ್ಳೆಯ ಕೆಲಸಗಾರರು. ಅವರೇ ಕರೆದು, ಸುಮ್ಮನಾಗಿರುವ ಶಾಖೆಗಳ ಪಟ್ಟಿಯಲ್ಲಿ ಒಂದಷ್ಟನ್ನು ನನಗೆ ಕೊಟ್ಟರು. ಎರಡು ಕಾಲೇಜುಗಳಲ್ಲಿ ಈಗ ಮತ್ತೆ ಸಭೆ ನಡೆಯುತ್ತಿದೆ. ಒಂದರಲ್ಲಿ ಕಾರ್ಯದರ್ಶಿಯಾಗಿರುವುದು ಇಪ್ಪತ್ತೊಂಬತ್ತು ವರ್ಷದ ರಸಾಯನಶಾಸ್ತ್ರದ ಮೇಡಂ. ಮೊದಲ ಸಭೆಗೆ ಆರು ಜನ ಬಂದಿದ್ದರು ಅಂತ ಖುಷಿಯಿಂದ ಫೋನ್ ಮಾಡಿದ್ದರು.

"ಈ ಸಲವೂ ಸೋತರೆ?" ಅಂತ ಅತ್ತಿಗೆ ಮೊನ್ನೆ ಕೇಳಿದರು. ಪಟ್ಟಿಯಲ್ಲಿ ಇನ್ನೂ ನಾಲ್ಕು ಕಾಲೇಜು ಉಳಿದಿವೆ ಅತ್ತಿಗೆ. ಆಗಸ್ಟ್ ಕೊನೆಗೆ ತರಗತಿಗಳು ಶುರುವಾಗುತ್ತವೆ. ಆ ವಾರವೇ ಫೋನ್ ಮಾಡಬೇಕು.