ಅಟ್ಟ ಸೇರಿದ ಕುದುರೆಯ ಕಥೆ

ತಂಗಿ ಒಂದು ಪುಟ್ಟ ಕಥೆ ಬರೆದಿದ್ದಾಳೆ. ಹಾಸನದ ಮನೆಯಲ್ಲಿ ಎಲ್ಲರೂ ಸೇರಿದಾಗ ಓದಿ ಹೇಳಿದೆ. ಚನ್ನಪಟ್ಟಣದ ಒಂದು ಮರದ ಕುದುರೆ. ಹುಡುಗ ದೊಡ್ಡವನಾಗುತ್ತಾನೆ, ಕುದುರೆ ಅಟ್ಟ ಸೇರುತ್ತದೆ, ಕೊನೆಗೆ ಗುಜರಿಯವನ ಚೀಲ. ಅಷ್ಟೇ ಕಥೆ.

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಭಾವನಿಗೆ ಮಾತ್ರ ಸಿಟ್ಟು ಬಂತು. "ಹುಡುಗನ ತಪ್ಪೇನಮ್ಮ? ಬೆಳೆಯೋದೂ ತಪ್ಪಾ?" ಅಂದರು. ನಿಜ. ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಸಂಕಟ ಜಾಸ್ತಿ ಆಗೋದೇ ಅದಕ್ಕೆ. ಬೈಯೋಕೆ ಒಬ್ಬರಾದರೂ ಇದ್ದಿದ್ದರೆ ಮನಸ್ಸು ಹಗುರಾಗುತ್ತಿತ್ತು, ಅಲ್ವಾ?

ಅಜ್ಜಿ ಅಳಲಿಲ್ಲ. ಅವರಿಗೆ ತಮ್ಮ ಬುಗುರಿ ನೆನಪಾಯಿತು. ಹಾಸನಾಂಬೆಯ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ದೀಪಾವಳಿ ಹೊತ್ತಿಗೆ. ಅವರ ಮನೆಯಲ್ಲಿ ಆಟಿಕೆ ಕೊಳ್ಳುತ್ತಿದ್ದದ್ದೂ ಆಗ ಮಾತ್ರವಂತೆ. ಒಂದೇ ಬುಗುರಿ, ಅಣ್ಣನಿಂದ ತಂಗಿಗೆ, ತಂಗಿಯಿಂದ ತಮ್ಮನಿಗೆ. ಅರಗಿನ ಬಣ್ಣ ಸವೆದು ಒಳಗಿನ ಬಿಳೀ ಆಲೆಮರ ಕಾಣುವವರೆಗೂ ಆಡುತ್ತಿದ್ದರಂತೆ. ಎಸೆಯುವ ಮಾತೇ ಇರಲಿಲ್ಲ ಅಂದರು.

ಅಕ್ಕನ ಮಗ ಸುಮ್ನೆ ಕೂತಿದ್ದವನು ಕೇಳಿದ: "ಗುಜರಿ ಅಂಕಲ್‌ಗೆ ಮಗು ಇದೆಯಾ?"

ಎಲ್ಲರ ಮಾತಿಗಿಂತ ಇದು ನನ್ನೊಳಗೆ ಇಳಿಯಿತು. ಮಕ್ಕಳಿಗೆ ಇಂಥ ಕಥೆ ಬೇಡ ಅಂತ ಚಿಕ್ಕಮ್ಮ ಗೊಣಗಿದರು. ನಾನು ಒಪ್ಪಲ್ಲ. ದುಃಖ ಕೇಳಿದ ಮಗುವೇ ಅಲ್ವಾ ಕುದುರೆಗೆ ಇನ್ನೊಂದು ಮನೆ ಹುಡುಕಿದ್ದು?

ಕೊನೆ ಬದಲಿಸಲಾ ಅಂತ ತಂಗಿ ಕೇಳುತ್ತಿದ್ದಾಳೆ. ಒಂದಕ್ಷರವೂ ಮುಟ್ಟಬೇಡ ಅಂದಿದ್ದೇನೆ.